ಮಿಡಿ ಉಪ್ಪಿನಕಾಯಿ ಮಾರಲು ಬಳಸಿದ ಆನ್‌ಲೈನ್ ಸೇವೆಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಜೊತೆಗೆ ಮನೆಯಲ್ಲೇ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿರಪ್ ಮಾಡಿ ಮಾರುತ್ತೇವೆ. ಉಪ್ಪಿನಕಾಯಿಯ ಹದ ಅತ್ತೆಯದು. ಪ್ಯಾಕಿಂಗ್, ಕೊರಿಯರ್, ಫೋನು ನನ್ನದು. ಮೊದಲು ನೆಂಟರಿಗೆ, ಊರಿಂದ ಬೆಂಗಳೂರಿಗೆ ಹೋದ ಮಕ್ಕಳಿಗೆ ಅಂತ ಕೊಡುತ್ತಿದ್ದದ್ದು ಈಗ ಮೈಸೂರು, ಪುಣೆವರೆಗೂ ಹೋಗುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ನಾವು ಕಳೆದುಕೊಂಡ ದುಡ್ಡೂ, ನಿದ್ದೆಯೂ ಇಂಟರ್ನೆಟ್ಟಿನಿಂದಲೇ ಹೋದದ್ದು.

ಊರಿನ ಕಡೆ ಈಗ ತುಂಬಾ ಹೆಂಗಸರು ಚಟ್ನಿಪುಡಿ, ತೊಡೆದೇವು, ಅಪ್ಪೆಹುಳಿ ಪೇಸ್ಟ್ ಅಂತ ಶುರು ಮಾಡಿದ್ದಾರೆ. ಎಲ್ಲರೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. ಆನ್‌ಲೈನ್ ಮಾರಾಟಕ್ಕೆ ಯಾವುದು ಬಳಸಬೇಕು, ಎಷ್ಟು ಖರ್ಚು? ಪ್ರತಿಯೊಬ್ಬರಿಗೂ ಅರ್ಧ ಅರ್ಧ ಹೇಳುವ ಬದಲು ನಾವು ಬಳಸಿದ ಎಲ್ಲದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ವಾಟ್ಸಾಪ್ ಬಿಸಿನೆಸ್, ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ, ಮ್ಯಾಪಿನಲ್ಲಿ ಹುಡುಕಿದವರಿಗೆ ಅಂಗಡಿ ತೋರಿಸುವ ಪುಟ), ಇನ್‌ಸ್ಟಾಗ್ರಾಮ್ ಜಾಹೀರಾತು, ಯುಪಿಐ, ಮತ್ತು ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ. ಏಜೆನ್ಸಿಯ ಹೆಸರು ಹೇಳುವುದಿಲ್ಲ. ಆಮೇಲೆ ವಿಚಾರಿಸಿದಾಗ ಇದೇ ರೀತಿ ಕೆಲಸ ಮಾಡುವವರು ಇನ್ನೂ ಇದ್ದಾರೆ ಅಂತ ಗೊತ್ತಾಯಿತು, ಹಾಗಾಗಿ ಹೆಸರಿಗಿಂತ ರೀತಿ ತಿಳಿದಿರುವುದು ಮುಖ್ಯ.

ಮೊದಲು ಅದೇ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಕಲಿತದ್ದು ಅಲ್ಲೇ. 2023ರಲ್ಲಿ ಒಬ್ಬ ಹುಡುಗ ಮನೆಗೇ ಬಂದ. ಆರು ತಿಂಗಳಿಗೆ 30 ಸಾವಿರ ರೂಪಾಯಿ ಪ್ಯಾಕೇಜ್. ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಹೆಸರು ಮೊದಲು ಬರುತ್ತದೆ, ಇನ್‌ಸ್ಟಾಗ್ರಾಮ್‌ನಲ್ಲಿ 10 ಸಾವಿರ ಫಾಲೋವರ್ಸ್ ಆಗುತ್ತಾರೆ, ವಾರಕ್ಕೆ ಮೂರು ಪೋಸ್ಟ್ ಹಾಕುತ್ತೇವೆ ಎಂದ. ಕೊಟ್ಟೆವು. ಸುಳ್ಳು ಹೇಳಬಾರದು, ಫೋಟೋ ಬಹಳ ಚೆನ್ನಾಗಿ ತೆಗೆದರು. ಅತ್ತೆಯ ಹಳೇ ಭರಣಿ ಪಕ್ಕ ಹಸಿ ಮಿಡಿ ಸುರಿದು, ಅಡುಗೆಮನೆ ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೋ ಇವತ್ತಿಗೂ ನಮ್ಮ ಕ್ಯಾಟಲಾಗಿನಲ್ಲಿ ಮೊದಲನೆಯದು. ಫಾಲೋವರ್ಸ್ ಕೂಡ ಬಂದರು. ಆದರೆ ಅವರಲ್ಲಿ ಮುಕ್ಕಾಲು ಪಾಲು ಎಲ್ಲೋ ದೂರದ ರಾಜ್ಯಗಳವರು, ಅಪ್ಪೆಮಿಡಿ ಅಂದರೆ ಏನು ಅಂತಲೂ ಗೊತ್ತಿಲ್ಲದವರು. ಆರ್ಡರ್ ಬಂದದ್ದು ಬೆರಳಲ್ಲಿ ಎಣಿಸುವಷ್ಟು.

ನಿಜವಾದ ತೊಂದರೆ ಗೊತ್ತಾಗಿದ್ದು ಪ್ಯಾಕೇಜ್ ಮುಗಿದ ಮೇಲೆ. ಆಗ ಫೆಬ್ರವರಿ, ಮಿಡಿ ಬರುವ ಹೊತ್ತು. ಗೂಗಲ್ ಪುಟದಲ್ಲಿ ಹೊಸ ಫೋನ್ ನಂಬರ್ ಹಾಕಬೇಕಿತ್ತು. ನೋಡಿದರೆ ನನಗೆ ಒಳಗೆ ಹೋಗಲಿಕ್ಕೇ ಆಗುವುದಿಲ್ಲ. ಪುಟ ಮಾಡಿದ್ದು ಅವರ ಜಿಮೇಲಿನಲ್ಲಿ. ಇನ್‌ಸ್ಟಾಗ್ರಾಮ್ ಖಾತೆ ಇದ್ದದ್ದು ಅವರ ಹುಡುಗನ ಮೊಬೈಲ್ ನಂಬರಿನಲ್ಲಿ, ಅವನು ಕೆಲಸ ಬಿಟ್ಟು ಹೋಗಿದ್ದ. ಕೇಳಿದರೆ, ಇನ್ನೊಂದು ವರ್ಷಕ್ಕೆ ರಿನ್ಯೂ ಮಾಡಿ ಆಮೇಲೆ ನೋಡೋಣ ಎಂದರು. ಪೇಟೆಯಲ್ಲಿ ಅಂಗಡಿ ಹಿಡಿದು, ಬೋರ್ಡು ಬರೆಸಿ, ಗಿರಾಕಿ ಬರುವ ಹೊತ್ತಿಗೆ ಬೀಗದ ಕೈ ಬೋರ್ಡು ಬರೆದವನ ಹತ್ತಿರ ಇದ್ದರೆ ಹೇಗಿರುತ್ತದೆ ಹೇಳಿ. ನಮಗೆ ಆದದ್ದು ಅದೇ. ಹೆಸರು ನಮ್ಮದು, ಉಪ್ಪಿನಕಾಯಿ ನಮ್ಮದು, ಬೀಗದ ಕೈ ಮಾತ್ರ ನಮ್ಮದಲ್ಲ.

ಆವತ್ತಿನಿಂದ ನಾನು ಯಾವ ಸೇವೆ ನೋಡಿದರೂ ಮೊದಲು ನೋಡುವುದು ಇದನ್ನೇ. ಇದರ ಕೈ ಯಾರ ಹತ್ತಿರ ಇದೆ? ಯಾವ ಇಮೇಲ್, ಯಾವ ನಂಬರ್, ಯಾರ ಸಿಮ್?

ಗೂಗಲ್ ಪುಟ ವಾಪಸ್ ಸಿಕ್ಕಿತು. ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಎಷ್ಟೋ ಜನಕ್ಕೆ ಈ ದಾರಿ ಇದೆ ಅಂತಲೇ ಗೊತ್ತಿಲ್ಲ. ನಿಮ್ಮ ಸ್ವಂತ ಜಿಮೇಲಿನಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಹೋಗಿ ನಿಮ್ಮ ಅಂಗಡಿ ಹೆಸರು ಹುಡುಕಿದರೆ, ಇದು ಈಗಾಗಲೇ ಬೇರೆಯವರ ಕೈಯಲ್ಲಿದೆ ಎಂದು ತೋರಿಸಿ ಮಾಲೀಕತ್ವ ಕೇಳುವ ಬಟನ್ ಕೊಡುತ್ತದೆ. ಕೇಳಿದ ಮೇಲೆ ಈಗ ಇಟ್ಟುಕೊಂಡವರಿಗೆ ಇಮೇಲ್ ಹೋಗುತ್ತದೆ. ಉತ್ತರ ಕೊಡಲು ಅವರಿಗೆ 3 ದಿನ ಇರುತ್ತದೆ. ಅವರು ಸುಮ್ಮನಿದ್ದರೆ, ಅಂಗಡಿ ನಿಮ್ಮದು ಅಂತ ನೀವೇ ತೋರಿಸಿ ಪುಟ ಪಡೆಯುವ ಅವಕಾಶ ಸಿಗಬಹುದು. ನಮ್ಮ ವಿಷಯದಲ್ಲಿ ಅವರು ಉತ್ತರ ಕೊಡಲಿಲ್ಲ. ನಮಗೆ ವಿಡಿಯೋ ಕೇಳಿತು. ಹಳೇ ವಿಡಿಯೋ ನಡೆಯುವುದಿಲ್ಲ, ಅಲ್ಲೇ ಫೋನ್ ಹಿಡಿದು ತೆಗೆಯಬೇಕು. ರಸ್ತೆ, ಗೇಟಿನ ಬೋರ್ಡು, ಒಳಗೆ ಭರಣಿಗಳು, ಸೀಲ್ ಮಾಡುವ ಮಷೀನು, ಲೇಬಲ್ಲು, ಎಲ್ಲ ಒಂದೇ ಸಲಕ್ಕೆ ತೋರಿಸಿದೆ. ನೋಡಿ ತೀರ್ಮಾನಿಸಲು ಐದು ಕೆಲಸದ ದಿನವರೆಗೂ ಆಗಬಹುದು ಎಂದು ಬರೆದಿತ್ತು. ನಾನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಸಿಕ್ಕಿದ ದಿನ ಮನೆಯಲ್ಲಿ ಪಾಯಸ ಮಾಡಿದೆವು.

ಇನ್‌ಸ್ಟಾಗ್ರಾಮ್ ಖಾತೆ ಸಿಗಲಿಲ್ಲ. ಹೊಸದು ಶುರು ಮಾಡಿದೆವು, ಸೊನ್ನೆಯಿಂದ.

ಈಗ ಗೂಗಲ್ ಬಿಸಿನೆಸ್ ಪ್ರೊಫೈಲ್ ಬಗ್ಗೆ ನನ್ನ ಅಭಿಪ್ರಾಯ. ಮೊದಲು ಇದರ ಹೆಸರು ಗೂಗಲ್ ಮೈ ಬಿಸಿನೆಸ್ ಅಂತ ಇತ್ತು, 2021ರಲ್ಲಿ ಬದಲಾಯಿತು. ಇದು ಪೂರ್ತಿ ಉಚಿತ. ಸಣ್ಣ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಜೋಗ ನೋಡಲು ಬಂದವರು ಸಾಗರದಲ್ಲಿ ಉಪ್ಪಿನಕಾಯಿ ಎಲ್ಲಿ ಸಿಗುತ್ತದೆ ಅಂತ ಮ್ಯಾಪಿನಲ್ಲಿ ಹುಡುಕಿ ನೇರ ನಮ್ಮ ಗೇಟಿಗೆ ಬರುತ್ತಾರೆ. ರಜೆ ದಿನಗಳಲ್ಲಿ ಕಾರುಗಳ ಸಾಲೇ ನಿಲ್ಲುತ್ತದೆ. ಮನೆಗೆ ಯಾರೂ ಬರುವುದು ಬೇಡ ಅನ್ನುವವರು ವಿಳಾಸ ಮುಚ್ಚಿಟ್ಟು, ಯಾವ ಯಾವ ಊರಿಗೆ ನೀವೇ ತಲುಪಿಸುತ್ತೀರಿ ಅಂತ ಮಾತ್ರ ಹಾಕಬಹುದು. ಒಬ್ಬೊಬ್ಬರೇ ಹೆಂಗಸರು ಮನೆಯಿಂದ ವ್ಯಾಪಾರ ಮಾಡುವಾಗ ಇದನ್ನು ಖಂಡಿತ ಬಳಸಿ. ವಿಳಾಸ ಎಲ್ಲರಿಗೂ ತೋರಿಸಲೇಬೇಕು ಅಂತಿಲ್ಲ.

ಏಜೆನ್ಸಿಗೋ, ಪರಿಚಯದ ಹುಡುಗರಿಗೋ ಕೆಲಸ ಕೊಡಬೇಕಾದರೆ ಅವರನ್ನು ಮ್ಯಾನೇಜರ್ ಮಾಡಿ, ಓನರ್ ಮಾಡಬೇಡಿ. ಮ್ಯಾನೇಜರ್ ಆದವರು ಫೋಟೋ ಹಾಕಬಹುದು, ಸಮಯ ಬದಲಾಯಿಸಬಹುದು, ರಿವ್ಯೂಗೆ ಉತ್ತರ ಕೊಡಬಹುದು. ನಿಮ್ಮನ್ನು ತೆಗೆದುಹಾಕಲು ಆಗುವುದಿಲ್ಲ, ಪುಟ ಅಳಿಸಲು ಆಗುವುದಿಲ್ಲ. ಪಾಸ್‌ವರ್ಡ್ ಕೊಡುವ ಅಗತ್ಯವೇ ಬರುವುದಿಲ್ಲ. ನಾವು ಇಷ್ಟು ಒಂದು ವಿಷಯ ತಿಳಿದಿದ್ದರೆ ಆ ಫೆಬ್ರವರಿ ಹಾಳಾಗುತ್ತಿರಲಿಲ್ಲ.

ಇನ್ನೊಂದು. ನಿಮ್ಮ ಗೂಗಲ್ ಲಿಸ್ಟಿಂಗ್ ಮುಗಿಯುತ್ತಿದೆ, ದುಡ್ಡು ಕಟ್ಟಿ ಅಂತ ಫೋನ್ ಬರುತ್ತದೆ. ಅಂಗಡಿ ನಂಬರ್ ಎಲ್ಲರಿಗೂ ಕಾಣುವುದರಿಂದ ಇದು ಬಂದೇ ಬರುತ್ತದೆ. ಪ್ರೊಫೈಲ್ ಇಡಲು ಗೂಗಲ್ ದುಡ್ಡು ಕೇಳುವುದಿಲ್ಲ. ಫೋನ್ ಇಡಿ, ಅಷ್ಟೇ.

ರಿವ್ಯೂಗಳ ವಿಷಯ ನನಗೆ ಮನಸ್ಸಿಗೆ ಹತ್ತಿರದ್ದು. ಏಜೆನ್ಸಿಯವರು 50 ಫೈವ್ ಸ್ಟಾರ್ ರಿವ್ಯೂ ಹಾಕಿಸುತ್ತೇವೆ, ಬೇರೆ ಚಾರ್ಜ್ ಎಂದಿದ್ದರು. ಅತ್ತೆ ಒಂದೇ ಮಾತಿನಲ್ಲಿ ಬೇಡ ಎಂದರು. ತಿನ್ನದವರು ಚೆನ್ನಾಗಿದೆ ಅನ್ನುವುದು ಯಾವ ನ್ಯಾಯ ಅಂತ ಅವರ ಪ್ರಶ್ನೆ. ಆಮೇಲೆ ನನಗೆ ಗೊತ್ತಾಯಿತು, ಇದು ಗೂಗಲ್ ನಿಯಮಕ್ಕೂ ವಿರುದ್ಧ, ಸಿಕ್ಕಿಬಿದ್ದರೆ ರಿವ್ಯೂ ಅಳಿಸುತ್ತಾರೆ. ನಮ್ಮ ದೇಶದಲ್ಲೂ ಆನ್‌ಲೈನ್ ರಿವ್ಯೂ ಹೇಗಿರಬೇಕು ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) 2022ರಲ್ಲಿ ಐಎಸ್ 19000 ಅನ್ನುವ ಮಾನದಂಡ ತಂದಿದೆ.

ನಮಗೆ ಎರಡೇ ಸ್ಟಾರ್ ಕೊಟ್ಟ ಒಂದು ರಿವ್ಯೂ ಇದೆ. ಉಪ್ಪು ಜಾಸ್ತಿ, ತಿನ್ನಲು ಆಗಲಿಲ್ಲ ಅಂತ ಬರೆದಿದ್ದರು. ಮೊದಲು ಬೇಜಾರಾಯಿತು. ಆಮೇಲೆ ಯೋಚಿಸಿದರೆ ಅವರ ತಪ್ಪಿಲ್ಲ. ಮಿಡಿಯನ್ನು ಮೊದಲು ಕಲ್ಲುಪ್ಪಿನಲ್ಲಿ ಹಾಕಿ ವಾರಗಟ್ಟಲೆ ಬಿಡುತ್ತೇವೆ, ನೀರು ಬಿಟ್ಟು ಸುಕ್ಕುಗಟ್ಟುವವರೆಗೆ. ವರ್ಷಗಟ್ಟಲೆ ಕೆಡದೆ ಇರುವುದು ಆ ಉಪ್ಪಿನಿಂದಲೇ. ಊರಿನವರು ಒಂದು ಮಿಡಿಯ ತುದಿ ಕಚ್ಚಿಕೊಂಡು ಒಂದು ಊಟ ಮುಗಿಸುತ್ತಾರೆ, ಪೇಟೆಯವರು ಚಟ್ನಿ ಥರ ಬಡಿಸಿಕೊಳ್ಳುತ್ತಾರೆ. ಇದನ್ನೇ ಉತ್ತರವಾಗಿ ಬರೆದೆ, ಮೊಸರನ್ನದ ಜೊತೆ ಹೇಗೆ ತಿನ್ನಬೇಕು ಅಂತಲೂ ಹೇಳಿದೆ. ನಂಬುತ್ತೀರೋ ಇಲ್ಲವೋ, ಆಮೇಲೆ ಬಂದ ಎಷ್ಟೋ ಗಿರಾಕಿಗಳು ಆ ಉತ್ತರ ಓದಿಯೇ ಫೋನ್ ಮಾಡಿದೆವು ಎಂದರು. ಜೊತೆಗೆ ಉಪ್ಪು ಕಡಿಮೆ ಇರುವ, ಬೇಗ ಖಾಲಿ ಮಾಡಬೇಕಾದ ಸಣ್ಣ ಬಾಟಲಿಯನ್ನೂ ಶುರು ಮಾಡಿದೆವು. ದುಡ್ಡು ಕೊಟ್ಟು ಹಾಕಿಸಿದ 50 ಸ್ಟಾರ್ ಈ ಕೆಲಸ ಮಾಡುತ್ತಿರಲಿಲ್ಲ.

ವಾಟ್ಸಾಪ್ ಬಿಸಿನೆಸ್ ನಮ್ಮ ವ್ಯಾಪಾರದ ಬೆನ್ನೆಲುಬು. 2018ರಲ್ಲಿ ಬಂದ ಆಪ್ ಇದು, ಮಾಮೂಲಿ ವಾಟ್ಸಾಪ್‌ನ ಹಾಗೇ ಉಚಿತ. ಬೇರೆ ನಂಬರಿನಲ್ಲಿ ಹಾಕಿ, ಮನೆಯ ನಂಬರಿನಲ್ಲಿ ಬೇಡ. ಲ್ಯಾಂಡ್‌ಲೈನ್ ನಂಬರಿಗೂ ಮಾಡಬಹುದು, ಕೋಡ್ ಅನ್ನು ಕರೆ ಮಾಡಿ ಹೇಳುತ್ತದೆ. ಕ್ಯಾಟಲಾಗ್‌ನಲ್ಲಿ ಫೋಟೋ, ಬೆಲೆ, ತೂಕ ಹಾಕಿಟ್ಟರೆ ಮತ್ತೆ ಮತ್ತೆ ಫೋಟೋ ಕಳಿಸುವ ಕೆಲಸ ಇಲ್ಲ. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡು ಓರೆ ಗೀಟು (/) ಒತ್ತಿ ಆರಿಸಿ ಕಳಿಸಬಹುದು. ನಾನು ಜಾಸ್ತಿ ಬಳಸುವುದು ಲೇಬಲ್. ದುಡ್ಡು ಬಂತು, ಪ್ಯಾಕ್ ಆಯಿತು, ಕೊರಿಯರ್ ಹೋಯಿತು, ಬಾಟಲಿ ಒಡೆದು ತಲುಪಿತು, ಹೀಗೆ ಬಣ್ಣ ಬಣ್ಣದ ಚೀಟಿ ಅಂಟಿಸಿದ ಹಾಗೆ. ಸೀಸನ್ನಿನಲ್ಲಿ ದಿನಕ್ಕೆ 40 ಆರ್ಡರ್ ಬಂದಾಗ ಇದಿಲ್ಲದೆ ತಲೆ ಕೆಡುತ್ತದೆ.

ಮಿತಿಯೂ ಇದೆ. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಒಂದರಲ್ಲಿ 256 ಜನ ಮಾತ್ರ. ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಪ್ರತಿ ಪಾರ್ಸೆಲ್ಲಿನಲ್ಲಿ ನಂಬರ್ ಸೇವ್ ಮಾಡಿಕೊಳ್ಳಿ ಅಂತ ಕನ್ನಡದಲ್ಲಿ ಬರೆದ ಚೀಟಿ ಹಾಕುತ್ತೇನೆ. ನನಗೆ ಈ ಮಿತಿ ಒಳ್ಳೆಯದೇ ಅನ್ನಿಸುತ್ತದೆ. ಬೇಡದವರಿಗೆ ಮೆಸೇಜ್ ಕಳಿಸಿ ಬೈಸಿಕೊಳ್ಳುವುದು ತಪ್ಪುತ್ತದೆ.

ಸುರಕ್ಷತೆ ಮಾತ್ರ ನೀವೇ ಹಾಕಿಕೊಳ್ಳಬೇಕು. ಸೆಟ್ಟಿಂಗ್ಸ್‌ಗೆ ಹೋಗಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 6 ಅಂಕೆಯ ಪಿನ್ ಇಡಿ, ಜೊತೆಗೆ ಇಮೇಲ್ ಕೂಡ ಕೊಡಿ. ಇದು ಇದ್ದರೆ ಯಾರೋ ನಿಮ್ಮ ಎಸ್ಸೆಮ್ಮೆಸ್ ಕೋಡ್ ಪಡೆದರೂ ಸುಲಭಕ್ಕೆ ಖಾತೆ ಒಳಗೆ ಬರಲು ಆಗುವುದಿಲ್ಲ. ಕೋಡ್ ಕೇಳುವವರು ಯಾವಾಗಲೂ ಅಪರಿಚಿತರೇ ಆಗಿರುವುದಿಲ್ಲ. ಪರಿಚಯದವರ ಖಾತೆ ಕದ್ದು, ಅವರ ಹೆಸರಿನಿಂದಲೇ, ನನ್ನ ಕೋಡ್ ತಪ್ಪಿ ನಿಮಗೆ ಬಂದಿದೆ ಕಳಿಸಿ ಅಂತ ಕೇಳುತ್ತಾರೆ. ಲಿಂಕ್ಡ್ ಡಿವೈಸಸ್ ಅನ್ನುವ ಜಾಗವನ್ನೂ ವಾರಕ್ಕೊಮ್ಮೆ ನೋಡಿ. ನಿಮ್ಮ ಖಾತೆ ಬೇರೆ ಯಾವ ಕಂಪ್ಯೂಟರಿನಲ್ಲಿ ತೆರೆದಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ಏಜೆನ್ಸಿ ಆಫೀಸಿನ ಒಂದು ಲ್ಯಾಪ್‌ಟಾಪ್ ನಮ್ಮ ಪಟ್ಟಿಯಲ್ಲಿ ಪ್ಯಾಕೇಜ್ ಮುಗಿದು ಎರಡು ತಿಂಗಳಾದರೂ ಇತ್ತು. ಅಂದರೆ ಅಷ್ಟು ದಿನ ನಮ್ಮ ಗಿರಾಕಿಗಳ ಮಾತೆಲ್ಲ ಅಲ್ಲಿ ಕಾಣುತ್ತಿತ್ತು. ನೋಡಿದಾಗ ಕೈ ತಣ್ಣಗಾಯಿತು.

ಮಲೆನಾಡಿನವರಿಗೆ ಒಂದು ಬೇರೆ ಕಷ್ಟ ಇದೆ. ಮನೆಯಲ್ಲಿ ಫೈಬರ್ ಇಂಟರ್ನೆಟ್ ಇರುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಒಟಿಪಿ ಬರಬೇಕಾದರೆ ಗುಡ್ಡದ ಮೇಲೆ ಹೋಗಬೇಕು. ಇದೇ ಕಾರಣಕ್ಕೆ ನಾವು ಸಾಗರದಲ್ಲಿದ್ದ ಏಜೆನ್ಸಿಯವರ ನಂಬರನ್ನೇ ಹಾಕಿ ಎಂದಿದ್ದೆವು. ಸಿಗ್ನಲ್ ಇಲ್ಲದ ಊರಿನವರು ಹೀಗೆಯೇ ಬೀಗದ ಕೈ ಬೇರೆಯವರಿಗೆ ಕೊಡುತ್ತಾರೆ. ಇದಕ್ಕೆ ಒಂದು ದಾರಿ ಇದೆ. ಗೂಗಲ್‌ಗೂ ಇನ್‌ಸ್ಟಾಗ್ರಾಮ್‌ಗೂ ಅಥೆಂಟಿಕೇಟರ್ ಆಪ್ ಬಳಸಬಹುದು. ಒಂದು ಸಲ ಜೋಡಿಸಿಟ್ಟರೆ ಫೋನೇ 30 ಸೆಕೆಂಡಿಗೊಮ್ಮೆ ಹೊಸ 6 ಅಂಕೆ ತೋರಿಸುತ್ತದೆ. ಸಿಗ್ನಲ್ ಬೇಡ, ಇಂಟರ್ನೆಟ್ಟೂ ಬೇಡ. ಎಸ್ಸೆಮ್ಮೆಸ್‌ಗಿಂತ ಭದ್ರ ಕೂಡ. ನಮ್ಮ ಊರಿನಲ್ಲಿ ಈಗ ನಾನೇ ಏಳೆಂಟು ಜನಕ್ಕೆ ಹಾಕಿಕೊಟ್ಟಿದ್ದೇನೆ. ವಾಟ್ಸಾಪ್ ಶುರು ಮಾಡುವ ಹೊತ್ತಿಗೆ ಮಾತ್ರ ಎಸ್ಸೆಮ್ಮೆಸ್ ಅಥವಾ ಕರೆ ಬೇಕೇ ಬೇಕು, ಅದಕ್ಕೆ ಒಂದು ದಿನ ಗುಡ್ಡ ಹತ್ತಿ.

ಹೋದ ವರ್ಷ ಆದ ಒಂದು ಘಟನೆ ಹೇಳದೆ ಈ ಬರಹ ಪೂರ್ತಿ ಆಗುವುದಿಲ್ಲ. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಬೆಂಗಳೂರಿನ ಹಳೇ ಗಿರಾಕಿ ಒಬ್ಬರು ಫೋನ್ ಮಾಡಿ, ಅಡ್ವಾನ್ಸ್ ಹಾಕಿದ್ದೇನೆ, ಜೀರಿಗೆ ಮಿಡಿ ಯಾವಾಗ ಕಳಿಸುತ್ತೀರಿ ಎಂದರು. ನಾವು ಅಡ್ವಾನ್ಸ್ ಕೇಳಿರಲಿಲ್ಲ. ಯಾರೋ ಬೇರೆ ನಂಬರಿನಲ್ಲಿ ನಮ್ಮ ಭರಣಿ ಫೋಟೋ, ನಮ್ಮ ಹೆಸರು ಹಾಕಿಕೊಂಡು, ನಮ್ಮ ನಂಬರ್ ಬದಲಾಗಿದೆ, ಈ ವರ್ಷ ಮಿಡಿ ಕಡಿಮೆ, ಈಗಲೇ ಬುಕ್ ಮಾಡಿ ಅಂತ ಮೆಸೇಜ್ ಕಳಿಸುತ್ತಿದ್ದರು. ನಂಬುವ ಹಾಗೇ ಇತ್ತು. ಆ ವರ್ಷ ಮಿಡಿ ಕಡಿಮೆ ಇದ್ದದ್ದೂ ನಿಜ. ಮೂರು ಜನ ದುಡ್ಡು ಹಾಕಿದ್ದರು.

ಮೊದಲು ಮಾಡಿದ್ದು ಅವರಿಗೆ 1930ಕ್ಕೆ ಫೋನ್ ಮಾಡಿ ಎಂದು ಹೇಳಿದ್ದು. ಇದು ಸೈಬರ್ ಮೋಸದ ದುಡ್ಡಿಗೆ ಇರುವ ಸಹಾಯವಾಣಿ. ದೂರು ಎಷ್ಟು ಬೇಗ ಹೋಗುತ್ತದೋ ಅಷ್ಟು ಬೇಗ ಬ್ಯಾಂಕುಗಳಿಗೆ ತಿಳಿಸಿ, ದುಡ್ಡು ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಯಲು ನೋಡುತ್ತಾರೆ. ಮೊದಲ ಒಂದು ಗಂಟೆ ಬಹಳ ಮುಖ್ಯ. ಫೋನ್ ಮಾಡಿದವರು ದುಡ್ಡು ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ, ಅವರ ದುಡ್ಡು ತಡೆಯಲು ಆಯಿತು. ಇನ್ನಿಬ್ಬರದು ಹಿಂದಿನ ದಿನವೇ ಹೋಗಿತ್ತು, ಸಿಗಲಿಲ್ಲ. ಸರಕಾರದ ಸೈಬರ್‌ಕ್ರೈಮ್ ಪೋರ್ಟಲ್ಲಿನಲ್ಲೂ ಬರೆದು ಕೊಟ್ಟರು. ನಾವು ನಮ್ಮ ಕಡೆಯಿಂದ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಸ್ಕ್ರೀನ್‌ಶಾಟ್‌ಗಳ ಜೊತೆ ದೂರು ಕೊಟ್ಟೆವು, ಆ ನಂಬರನ್ನು ವಾಟ್ಸಾಪ್‌ನಲ್ಲಿ ರಿಪೋರ್ಟ್ ಮಾಡಿದೆವು, ಗಿರಾಕಿಗಳಿಗೂ ಮಾಡಿ ಎಂದೆವು.

ಗಿರಾಕಿಗಳಿಗೆ ತಿಳಿಸುವುದು ಹೇಗೆ ಅನ್ನುವುದೇ ದೊಡ್ಡ ಯೋಚನೆಯಾಯಿತು. ಬರೆದು ಕಳಿಸಿದರೆ, ಇದು ಕೂಡ ಮೋಸದವರದ್ದೇ ಇರಬಹುದು ಅನ್ನಿಸುತ್ತದೆ ಅಲ್ವಾ? ಕೊನೆಗೆ ಅತ್ತೆಯ ಕೈಯಲ್ಲಿ ಫೋನ್ ಕೊಟ್ಟು ಮಾತಾಡಿಸಿದೆ. ಅವರ ಧ್ವನಿ ಎಲ್ಲ ಹಳೇ ಗಿರಾಕಿಗಳಿಗೆ ಗೊತ್ತು. ನಮ್ಮ ನಂಬರ್ ಬದಲಾಗಿಲ್ಲ, ನಾವು ಅಡ್ವಾನ್ಸ್ ಕೇಳುವುದಿಲ್ಲ, ಡೌಟ್ ಬಂದರೆ ಫೋನ್ ಮಾಡಿ ನನ್ನ ಹತ್ತಿರ ಮಾತಾಡಿ ಅಂತ ಒಂದು ನಿಮಿಷದ ವಾಯ್ಸ್ ಮೆಸೇಜ್. ಎಲ್ಲರಿಗೂ ಕಳಿಸಿ, ಸ್ಟೇಟಸ್‌ಗೂ ಹಾಕಿದೆ. ಸಂಜೆವರೆಗೆ ಫೋನ್ ಬಿಡುವಿರಲಿಲ್ಲ. ಆಮೇಲೆ ಯಾರೂ ದುಡ್ಡು ಕಳೆದುಕೊಂಡ ಸುದ್ದಿ ಬರಲಿಲ್ಲ. ದುಡ್ಡು ಹೋದ ಇಬ್ಬರಿಗೂ ಮಿಡಿ ಬಂದ ಮೇಲೆ ಅಷ್ಟೇ ಬೆಲೆಯ ಉಪ್ಪಿನಕಾಯಿ ಕಳಿಸಿದೆವು. ತಪ್ಪು ನಮ್ಮದಲ್ಲ ಎಂದು ಅವರೇ ಹೇಳಿದರು. ಆದರೆ ಅವರು ದುಡ್ಡು ಹಾಕಿದ್ದು ನಮ್ಮ ಹೆಸರು ನೋಡಿ.

ನಮ್ಮ ಗಿರಾಕಿಗಳ ನಂಬರ್ ಹೊರಗೆ ಹೇಗೆ ಹೋಯಿತು ಅಂತ ನನಗೆ ಗೊತ್ತಿಲ್ಲ, ಯಾರ ಮೇಲೂ ಹೇಳುವುದಿಲ್ಲ. ಆದರೆ ಗಿರಾಕಿಗಳ ಪಟ್ಟಿಯನ್ನು ಎಕ್ಸೆಲ್ ಫೈಲ್ ಮಾಡಿ ಕಳಿಸಿ ಅಂತ ಯಾರು ಕೇಳಿದರೂ ಈಗ ಕೊಡುವುದಿಲ್ಲ. 600 ಜನ ನಂಬಿ ಕೊಟ್ಟ ನಂಬರ್ ಅದು.

ಯುಪಿಐ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಒಳ್ಳೆಯ ವ್ಯವಸ್ಥೆ, ಇದಿಲ್ಲದೆ ದೂರದ ಊರಿನ ವ್ಯಾಪಾರ ಆಗುತ್ತಿರಲಿಲ್ಲ. ದುಡ್ಡು ಪಡೆಯಲು ಪಿನ್ ಹಾಕುವ ಅಗತ್ಯ ಇಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ. ಇದೊಂದು ಗೊತ್ತಿದ್ದರೆ ಅರ್ಧ ಮೋಸ ತಪ್ಪುತ್ತದೆ. ನಮಗೂ ಬಂದಿತ್ತು. ಸೇನೆಯಲ್ಲಿದ್ದೇನೆ, ಕ್ಯಾಂಟೀನಿಗೆ 20 ಕಿಲೋ ಉಪ್ಪಿನಕಾಯಿ ಬೇಕು ಎಂದ. ರುಚಿ ಕೇಳಲಿಲ್ಲ, ರೇಟು ಕೇಳಲಿಲ್ಲ, ಯಾವ ಉಪ್ಪಿನಕಾಯಿ ಅಂತಲೂ ಕೇಳಲಿಲ್ಲ. ಐಡಿ ಕಾರ್ಡ್ ಫೋಟೋ ತಾನಾಗಿಯೇ ಕಳಿಸಿದ. ಆಮೇಲೆ ನಮ್ಮಲ್ಲಿ ಪೇಮೆಂಟ್ ರೀತಿ ಬೇರೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ನಿಮಗೆ ದುಡ್ಡು ಬರುತ್ತದೆ ಎಂದ. ಉಪ್ಪಿನಕಾಯಿ ತಗೊಳ್ಳುವವರು ಉಪ್ಪಿನಕಾಯಿ ಬಗ್ಗೆ ಏನೂ ಕೇಳದೆ ಇದ್ದದ್ದೇ ನನಗೆ ಅನುಮಾನ ತಂದದ್ದು. ಇದೇ ಥರ ಹಾಲಿನವರು, ಹೂವಿನ ನರ್ಸರಿಯವರು, ಹೋಮ್‌ಸ್ಟೇಯವರು ದುಡ್ಡು ಕಳೆದುಕೊಂಡಿದ್ದಾರೆ. ವ್ಯಕ್ತಿಯಿಂದ ವ್ಯಕ್ತಿಗೆ ದುಡ್ಡು ಕೇಳುವ ಕಲೆಕ್ಟ್ ರಿಕ್ವೆಸ್ಟ್ ಅನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಒಳ್ಳೆಯದಾಯಿತು. ಕ್ಯೂಆರ್ ಮೋಸ ಮಾತ್ರ ಹಾಗೇ ಇದೆ.

ಇನ್ನು ಸ್ಕ್ರೀನ್‌ಶಾಟ್ ನಂಬಬೇಡಿ. 2024ರ ಶಿರಸಿ ಜಾತ್ರೆಯಲ್ಲಿ ಸ್ಟಾಲ್ ಹಾಕಿದ್ದಾಗ ಜನಜಂಗುಳಿಯಲ್ಲಿ ಹಸಿರು ಟಿಕ್ ತೋರಿಸಿ ಬಾಟಲಿ ತಗೊಂಡು ಹೋದವರಿದ್ದಾರೆ, ರಾತ್ರಿ ಲೆಕ್ಕ ಹಾಕಿದರೆ ದುಡ್ಡು ಬಂದೇ ಇರಲಿಲ್ಲ. ಅಂಥ ಕಡೆ ಸೌಂಡ್‌ಬಾಕ್ಸ್‌ಗೆ ತಿಂಗಳ ಬಾಡಿಗೆ ಕೊಡುವುದು ಸರಿ. ಮನೆಯಿಂದ ಕೊರಿಯರ್ ಕಳಿಸುವವರಿಗೆ ಅದು ಬೇಡ. ಬ್ಯಾಂಕ್ ಖಾತೆ ತೆರೆದು ನೋಡಿ ಪ್ಯಾಕ್ ಮಾಡಿದರೆ ಸಾಕು.

ಇನ್‌ಸ್ಟಾಗ್ರಾಮ್ ಜಾಹೀರಾತು ನಾವೇ ಮಾಡಲು ಶುರು ಮಾಡಿದ ಮೇಲೆ ಫಲ ಸಿಕ್ಕಿತು. ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ ಬೂಸ್ಟ್ ಬಟನ್ ಒತ್ತಿ ಸುಮ್ನೆ ದುಡ್ಡು ಹಾಕಿದರೆ ಲೈಕ್ ಬರುತ್ತದೆ, ಆರ್ಡರ್ ಬರುವುದಿಲ್ಲ. ಏಜೆನ್ಸಿ ಮಾಡಿದ್ದು ಅದೇ. ಈಗ ನಾನು ಒತ್ತಿದರೆ ವಾಟ್ಸಾಪ್ ತೆರೆಯುವ ಜಾಹೀರಾತು ಹಾಕುತ್ತೇನೆ. ಊರು ಬೆಂಗಳೂರು, ಮೈಸೂರು ಮಾತ್ರ. ದಿನಕ್ಕೆ 200 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಾರ್ಚ್‌ನಿಂದ ಮೇವರೆಗೆ ಮಾತ್ರ ಹಾಕುವುದು, ಮಳೆಗಾಲದಲ್ಲಿ ಇಲ್ಲ. ವಿಡಿಯೋದಲ್ಲಿ ಅತ್ತೆ ಮಿಡಿಯ ತೊಟ್ಟು ಮುರಿದು ಸೊನೆಯ ವಾಸನೆ ನೋಡುತ್ತಾರೆ, ಮಾತು ಪೂರ್ತಿ ನಮ್ಮ ಕಡೆಯ ಕನ್ನಡ. ಆ ವಾಸನೆ ನೆನಪಿರುವವರು ಫೋನ್ ಮಾಡದೆ ಇರುವುದಿಲ್ಲ. ಮೊದಲು ಏಜೆನ್ಸಿಯವರು ಇದಕ್ಕೇ ಹಿಂದಿ ಹಾಡು ಹಾಕಿದ್ದರು.

ಪುಟ ಸ್ವಲ್ಪ ಬೆಳೆದ ಕೂಡಲೇ ನಿಮ್ಮ ಪೋಸ್ಟಿನಿಂದ ಕಾಪಿರೈಟ್ ತಪ್ಪಾಗಿದೆ, 24 ಗಂಟೆಯಲ್ಲಿ ಖಾತೆ ಅಳಿಸುತ್ತೇವೆ, ಇಲ್ಲಿ ಒತ್ತಿ ಅಂತ ಮೆಸೇಜ್ ಬರುತ್ತದೆ. ಒತ್ತಬೇಡಿ. ಇನ್‌ಸ್ಟಾಗ್ರಾಮ್ ಇಂಥದ್ದನ್ನು ಡೈರೆಕ್ಟ್ ಮೆಸೇಜ್‌ನಲ್ಲಿ ಕಳಿಸುವುದಿಲ್ಲ. ಅವರು ನಿಜವಾಗಿ ಕಳಿಸಿದ ಇಮೇಲ್‌ಗಳ ಪಟ್ಟಿ ಆಪ್‌ನ ಸೆಕ್ಯೂರಿಟಿ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ, ಅಲ್ಲಿ ನೋಡಿ. ಹಾಗೆಯೇ ಆರ್ಡರ್ ಲಿಸ್ಟ್, ಮದುವೆ ಕಾಗದ ಅಂತ ವಾಟ್ಸಾಪ್‌ಗೆ ಬರುವ ಫೈಲಿನ ಹೆಸರು ಎಪಿಕೆ ಅಂತ ಮುಗಿದರೆ ಅದು ಕಾಗದವಲ್ಲ, ಆಪ್. ನಮ್ಮ ಪಕ್ಕದ ಊರಿನ ಒಬ್ಬರು ಒತ್ತಿ ಇನ್‌ಸ್ಟಾಲ್ ಮಾಡಿದ ಮೇಲೆ ಅವರ ಎಸ್ಸೆಮ್ಮೆಸ್ ಎಲ್ಲ ಬೇರೆಯವರಿಗೆ ಹೋಗುತ್ತಿತ್ತು.

ಉದ್ಯಮ್ ನೋಂದಣಿಗೆ, ಅಂದರೆ ಸಣ್ಣ ಉದ್ದಿಮೆಯನ್ನು ಸರಕಾರದಲ್ಲಿ ದಾಖಲಿಸಲು, ಯಾರಿಗೂ ದುಡ್ಡು ಕೊಡಬೇಡಿ. 2020ರ ಜುಲೈ 1ರಿಂದ ಇರುವ ಸರಕಾರದ ಪೋರ್ಟಲ್ಲಿನಲ್ಲಿ ಅದು ಉಚಿತ, ಕಾಗದಪತ್ರ ಅಪ್‌ಲೋಡ್ ಮಾಡುವುದೂ ಇಲ್ಲ, ಆಧಾರ್, ಪ್ಯಾನ್ ನಂಬರ್ ಬೇಕು. ಅದೇ ಥರ ಕಾಣುವ ಬೇರೆ ವೆಬ್‌ಸೈಟ್‌ಗಳು ಫೀಸು ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ (.gov.in) ಇದೆಯಾ ನೋಡಿ.

ಹಾಗಾದರೆ ಏಜೆನ್ಸಿ ಬೇಡವೇ ಬೇಡವಾ ಅಂತ ಕೇಳಿದರೆ, ಫೋಟೋಕ್ಕೆ ಕೊಡಿ. ಒಂದು ದಿನದ ಕೆಲಸಕ್ಕೆ ಒಂದು ದಿನದ ದುಡ್ಡು. ವಿಡಿಯೋ ಕತ್ತರಿಸಲು, ಲೇಬಲ್ ಡಿಸೈನ್ ಮಾಡಲು ಕೊಡಿ. ಶಿವಮೊಗ್ಗದ ಒಬ್ಬ ಹುಡುಗಿ ಈಗ ನಮಗೆ ಇದನ್ನು ಮಾಡಿಕೊಡುತ್ತಾಳೆ, ಮೊದಲ ದಿನವೇ ನನ್ನನ್ನು ಮ್ಯಾನೇಜರ್ ಮಾಡಿ ಸಾಕು, ಪಾಸ್‌ವರ್ಡ್ ಬೇಡ ಎಂದಳು. ಅವಳಿಗೆ ಕೊಡುವ ದುಡ್ಡು ನನಗೆ ಸ್ವಲ್ಪವೂ ಜಾಸ್ತಿ ಅನ್ನಿಸುವುದಿಲ್ಲ. ತಿಂಗಳ ಪ್ಯಾಕೇಜ್, ಫಾಲೋವರ್ಸ್ ಗ್ಯಾರಂಟಿ, ಮೊದಲ ಸ್ಥಾನ ಗ್ಯಾರಂಟಿ ಅನ್ನುವವರಿಗೆ ನಾನಂತೂ ಇನ್ನೊಮ್ಮೆ ಕೊಡುವುದಿಲ್ಲ.

ಈ ಸೀಸನ್ನಿಗೆ ಮೊದಲು ಉಳಿದಿದ್ದ ಒಂದು ಕೆಲಸವನ್ನು ಹೋದ ವಾರ ಮುಗಿಸಿದೆ. ಎಲ್ಲ ಖಾತೆಗೂ ನನ್ನ ಒಂದೇ ಫೋನ್, ಅದು ತೋಟದ ಹಳ್ಳಕ್ಕೆ ಬಿದ್ದರೆ ಏನು ಗತಿ ಅನ್ನುವ ಹೆದರಿಕೆ ಇತ್ತು. ಗೂಗಲ್ ಖಾತೆಗೆ ಹತ್ತು ಬ್ಯಾಕಪ್ ಕೋಡ್ ಕೊಡುತ್ತಾರೆ, ಒಂದೊಂದೂ 8 ಅಂಕೆ, ಒಂದನ್ನು ಒಂದೇ ಸಲ ಬಳಸಬಹುದು. ಅದನ್ನು ಸಾಗರಕ್ಕೆ ಹೋದಾಗ ಪ್ರಿಂಟ್ ಮಾಡಿಸಲಿಲ್ಲ, ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದುಬಿಡಬಹುದು ಅಂತ. ನೋಡಿಕೊಂಡು ಕೈಯಲ್ಲೇ ಬರೆದೆ. ಎರಡು ಪ್ರತಿ. ಒಂದು ತಂಗಿ ಮನೆಯಲ್ಲಿದೆ, ಇನ್ನೊಂದು ನಮ್ಮ ಅಡಿಕೆ ಸೊಸೈಟಿ ಪಾಸ್‌ಬುಕ್ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯ ಬೀಗದ ಕೈ ಅತ್ತೆಯ ಹತ್ತಿರ ಇದೆ.